ಧ್ವಜವೂ ಅದನ್ನು ಕಾಯ್ದವರೂ

ಕೇಸರಿಯು ತ್ಯಾಗ, ಬಿಳುಪು ಸತ್ಯ, ಹಸಿರು ನೆಲದೊಡನೆ ನಮಗಿರುವ ಸಂಬಂಧ, ಚಕ್ರವು ಧರ್ಮ ಎಂದು ನಮ್ಮ ಮಕ್ಕಳು ಕಂಠಪಾಠ ಒಪ್ಪಿಸುತ್ತಾರೆ. ಡಾ. ರಾಧಾಕೃಷ್ಣನ್ ಅವರು ನೀಡಿದ ಈ ವಿವರಣೆ ಯೋಗ್ಯವಾದುದೇ. ಆದರೆ ಧ್ವಜದ ಅರ್ಥವು ಅಷ್ಟರಿಂದಲೇ ಮುಗಿಯಿತೆಂದು ನಾವು ಭಾವಿಸಲಾಗದು. ಅದಕ್ಕಾಗಿ ಜನರು ಏನನ್ನು ಸಹಿಸಿದರೆಂಬುದನ್ನೂ ತಿಳಿಯಬೇಕು.

1931ರಲ್ಲಿ ಕಾಂಗ್ರೆಸ್ಸು ಒಪ್ಪಿದ ತ್ರಿವರ್ಣ ಧ್ವಜದ ನಡುವೆ ಚರಕವಿತ್ತು. 1947ರ ಜುಲೈ 22ರಂದು ಸಂವಿಧಾನ ಸಭೆಯು ರಾಷ್ಟ್ರಧ್ವಜವನ್ನು ಅಂಗೀಕರಿಸಿದಾಗ, ಆ ಸ್ಥಾನದಲ್ಲಿ ಸಾರನಾಥದ ಅಶೋಕಸ್ತಂಭದ 24 ಅರಗಳ ಚಕ್ರವು ಬಂದಿತು. ಈ ಎರಡು ವರ್ಷಗಳ ನಡುವಣ ಕಥೆಯಲ್ಲಿ ನಮ್ಮ ನೆರೆಯ ಊರಿಗೂ ಕನ್ನಡನಾಡಿಗೂ ಪಾಲುಂಟು.

ಸೂಲೂರಿಗೆ ಸಮೀಪದ ತಿರುಪ್ಪೂರಿನಲ್ಲಿ, 1932ರ ಜನವರಿಯಲ್ಲಿ, ಗಾಂಧೀಜಿಯವರ ಬಂಧನದ ತರುವಾಯ ಸತ್ಯಾಗ್ರಹಿಗಳು ಮೆರವಣಿಗೆ ಹೊರಟರು. ಪೊಲೀಸರ ಲಾಠಿಯೇಟಿಗೆ ಸಿಕ್ಕಿ ಬಿದ್ದ ಕುಮಾರನ್ ಎಂಬ ತರುಣನು ಕೈಯಲ್ಲಿದ್ದ ಧ್ವಜವನ್ನು ಬಿಡಲಿಲ್ಲ. ಜನವರಿ 11ರಂದು ಆತನು ಪ್ರಾಣ ನೀಗಿದನು. ಕೈಮಗ್ಗದ ಊರಾದ ಚೆನ್ನಿಮಲೈಯಲ್ಲಿ 1904ರಲ್ಲಿ ಹುಟ್ಟಿದ ಈತನನ್ನು ತಮಿಳರು 'ಕೊಡಿ ಕಾತ್ತ ಕುಮರನ್', ಅಂದರೆ ಧ್ವಜ ಕಾಯ್ದ ಕುಮಾರ, ಎಂದು ಕರೆಯುತ್ತಾರೆ.

ಆರು ವರ್ಷಗಳ ಬಳಿಕ ಮೈಸೂರು ಸಂಸ್ಥಾನದಲ್ಲಿ ಅದೇ ಧ್ವಜಕ್ಕೆ ನಿಷೇಧವೊದಗಿತು. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ, ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ, ಆಜ್ಞೆಯನ್ನು ಮೀರಿ ಧ್ವಜವನ್ನೇರಿಸಲು ಜನರು ನೆರೆದರು, ನಾಯಕರು ಬಂಧಿತರಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿ ಹಲವರನ್ನು ಬಲಿಗೊಂಡರು. ಕಡೆಗೆ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಸರ್ದಾರ್ ಪಟೇಲರಿಗೂ ಒಪ್ಪಂದವಾಗಿ, ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಲು ಅನುಮತಿ ದೊರೆಯಿತು. ಒಂದರ ಮೇಲಣ ಗೌರವವು ಮತ್ತೊಂದಕ್ಕೆ ಕುಂದಲ್ಲವೆಂಬುದು ಇದರಿಂದ ಸಿದ್ಧವಾಯಿತು.

ಹೊರದೇಶಗಳಲ್ಲಿಯೂ ಇದೇ ಬಗೆ. 1957ರ ಮಾರ್ಚ್ 6ರಂದು ಸ್ವತಂತ್ರವಾದ ಆಫ್ರಿಕದ ಘಾನಾ ದೇಶದ ಧ್ವಜವನ್ನು ರೂಪಿಸಿದವರು ಥಿಯೊಡೋಷಿಯಾ ಒಕೊ ಎಂಬ ಉಪಾಧ್ಯಾಯಿನಿ. ಅದರಲ್ಲಿ ಕೆಂಪು ಸ್ವಾತಂತ್ರ್ಯಕ್ಕಾಗಿ ಹರಿದ ನೆತ್ತರು, ಹಳದಿ ಖನಿಜ ಸಂಪತ್ತು, ಹಸಿರು ಅರಣ್ಯ, ಕಪ್ಪು ನಕ್ಷತ್ರ ಆಫ್ರಿಕದ ಬಿಡುಗಡೆ. ಅಲ್ಲಿಯ ಮಕ್ಕಳೂ ಬಣ್ಣದ ಹಿಂದೆ ಬಲಿದಾನವನ್ನು ಓದುತ್ತಾರೆ.

ಇನ್ನು ಧ್ವಜದ ಬಟ್ಟೆಯ ವಿಚಾರ. ಧಾರವಾಡದ ಬಳಿಯ ಗರಗವೂ ಹುಬ್ಬಳ್ಳಿಯ ಬೆಂಗೇರಿಯೂ ಖಾದಿಯ ರಾಷ್ಟ್ರಧ್ವಜಕ್ಕೆ ಹೆಸರಾದ ಊರುಗಳು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ನೆಯ್ದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ದೊರೆಯಿತು. ಧ್ವಜವು ಮನೆಮನೆಗೆ ಸುಲಭವಾಗಿ ಎಟುಕುವುದು ಒಳ್ಳೆಯದೇ. ಆದರೆ ನೂತು ನೇಯುವ ಕೈಗಳಿಗೆ ಕೆಲಸ ತಪ್ಪಿದರೆ, ಚರಕದಿಂದ ಹುಟ್ಟಿದ ಧ್ವಜಕ್ಕೆ ಅದು ಒಪ್ಪುವುದೇ? ಮಗ್ಗದಿಂದ ಬದುಕಿದ ಕನ್ನಡ ಮನೆತನಗಳಿರುವ ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ದೂರದ್ದಲ್ಲ.

ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ನಮ್ಮ ವಿದ್ಯಾರ್ಥಿಗಳಿಗೆ ತಿರುಪ್ಪೂರೂ ತಮ್ಮದೇ, ಶಿವಪುರವೂ ತಮ್ಮದೇ. ಬಣ್ಣಗಳ ಅರ್ಥವನ್ನು ಹೇಳಿಸುವಾಗ ಉಪಾಧ್ಯಾಯ ಬಂಧುಗಳು ಈ ಎರಡು ಊರುಗಳ ಹೆಸರನ್ನೂ ಕೂಡಿ ಹೇಳಿಸಲೆಂಬುದೇ ನಮ್ಮ ಬಿನ್ನಹ.