ಜಿನ್ ಓಣಿಗೆ ಹಿಡಿದ ಕನ್ನಡಿ

ಕುಡಿದು ಮೈಮರೆತ ತಾಯಿಯೊಬ್ಬಳು ಕಲ್ಲಿನ ಮೆಟ್ಟಿಲ ಮೇಲೆ ಕುಳಿತು ಚಿಟಿಕೆ ನಶ್ಯ ತೆಗೆಯುತ್ತಿದ್ದಾಳೆ. ಅವಳ ತೋಳಿನಿಂದ ಜಾರಿದ ಹಸುಗೂಸು ತಲೆಕೆಳಗಾಗಿ ಬೀಳುತ್ತಿದೆ. ಅವಳಿಗೆ ಅದರ ಪರಿವೆಯೇ ಇಲ್ಲ. ಲಂಡನ್ನಿನ ಕಲಾವಿದ ವಿಲಿಯಂ ಹೊಗಾರ್ತ್ 1751ರಲ್ಲಿ ಪ್ರಕಟಿಸಿದ ‘ಜಿನ್ ಲೇನ್’, ಅಂದರೆ ಜಿನ್ ಓಣಿ, ಎಂಬ ಚಿತ್ರದ ನಡುಭಾಗವಿದು. ‘ಕಾರ್ಟೂನ್’ ಎಂಬ ಪದಕ್ಕೆ ವ್ಯಂಗ್ಯಚಿತ್ರವೆಂಬ ಅರ್ಥ ಬಂದದ್ದು 1843ರಲ್ಲಿ, ‘ಪಂಚ್’ ಪತ್ರಿಕೆಯಿಂದ. ಅದಕ್ಕೂ ಸುಮಾರು 90 ವರ್ಷ ಮೊದಲೇ ಸಾಮಾಜಿಕ ಪಿಡುಗೊಂದನ್ನು ಚಿತ್ರ ಹೀಗೆ ಬೀದಿಗೆಳೆದಿತ್ತು.

ಈ ಪಿಡುಗಿನ ಬೇರು ರಾಜಕೀಯದಲ್ಲಿತ್ತು. 1689ರಲ್ಲಿ ಫ್ರಾನ್ಸಿನೊಡನೆ ಯುದ್ಧ ಆರಂಭವಾದಾಗ ಇಂಗ್ಲೆಂಡ್ ಫ್ರೆಂಚ್ ಬ್ರಾಂದಿಯನ್ನು ತಡೆಯಿತು. ಮರುವರ್ಷ ಸ್ವದೇಶಿ ಧಾನ್ಯದಿಂದ ಮದ್ಯ ಭಟ್ಟಿ ಇಳಿಸಲು ಉತ್ತೇಜನ ನೀಡಿತು. ಜಮೀನ್ದಾರರ ಹೆಚ್ಚುವರಿ ಧಾನ್ಯಕ್ಕೆ ಮಾರುಕಟ್ಟೆ ಸಿಕ್ಕಿತು, ಬೊಕ್ಕಸಕ್ಕೆ ತೆರಿಗೆ ಬಂತು, ಬಡವರಿಗೆ ಅಗ್ಗದ ಜಿನ್ ದೊರೆಯಿತು. ಪರಿಸ್ಥಿತಿ ಕೈಮೀರಿದಾಗ 1736ರಲ್ಲಿ ಕಠಿಣ ಕಾಯ್ದೆಯೊಂದು ಬಂತು. ಚಿಲ್ಲರೆ ಮಾರಾಟದ ಪರವಾನಗಿಗೆ ವರ್ಷಕ್ಕೆ 50 ಪೌಂಡ್ ಶುಲ್ಕ! ಫಲವಾಗಿ ಕಳ್ಳ ವ್ಯಾಪಾರವೇ ಹೆಚ್ಚಿತು. 1743ರಲ್ಲಿ ಕಾಯ್ದೆಯನ್ನು ಹಿಂತೆಗೆದುಕೊಳ್ಳಬೇಕಾಯಿತು.

1751ರ ಜನವರಿಯಲ್ಲಿ ಕಾದಂಬರಿಕಾರನೂ ಮ್ಯಾಜಿಸ್ಟ್ರೇಟನೂ ಆಗಿದ್ದ ಹೆನ್ರಿ ಫೀಲ್ಡಿಂಗ್, ಹೆಚ್ಚುತ್ತಿದ್ದ ಅಪರಾಧಗಳಿಗೆ ಜಿನ್ ಕೂಡ ಕಾರಣವೆಂದು ಪುಸ್ತಕ ಬರೆದ. ಮರುತಿಂಗಳೇ ಅವನ ಗೆಳೆಯ ಹೊಗಾರ್ತ್ ಜೋಡಿ ಚಿತ್ರಗಳನ್ನು ಹೊರತಂದ. ಒಂದು ‘ಜಿನ್ ಲೇನ್’, ಇನ್ನೊಂದು ‘ಬಿಯರ್ ಸ್ಟ್ರೀಟ್’. ಎರಡರ ಕೀಲಿ ಇರುವುದು ಗಿರವಿ ಅಂಗಡಿಯಲ್ಲಿ. ಜಿನ್ ಓಣಿಯಲ್ಲಿ ಬಡಗಿ ಗರಗಸವನ್ನೂ ಗೃಹಿಣಿ ಪಾತ್ರೆಗಳನ್ನೂ ಅಡವಿಡುತ್ತಾರೆ. ದುಡಿಯುವ ಸಾಧನ ಹೋಯಿತು, ಅಡುಗೆಯ ಸಾಧನವೂ ಹೋಯಿತು. ಸುತ್ತಲಿನ ಮನೆಗಳು ಕುಸಿಯುತ್ತಿದ್ದರೂ ಗಿರವಿಯವನ ಅಂಗಡಿ ಭದ್ರವಾಗಿದೆ. ಬಿಯರ್ ಬೀದಿಯಲ್ಲಿ ಎಲ್ಲರೂ ದುಡಿದು ಸುಖವಾಗಿದ್ದಾರೆ. ಪಾಳುಬಿದ್ದಿರುವುದು ಗಿರವಿ ಅಂಗಡಿಯೊಂದೇ.

ತಾಮ್ರದ ತಗಡಿನ ಮೇಲೆ ಕೊರೆದು ಮುದ್ರಿಸಿದ ಈ ಚಿತ್ರಗಳಲ್ಲಿ ಹೊಗಾರ್ತ್ ಬೇಕೆಂದೇ ನಾಜೂಕು ಕೆಲಸವನ್ನು ಕಡಿಮೆ ಮಾಡಿದ್ದ. ಹೆಚ್ಚು ಜನರಿಗೆ ತಲುಪಲೆಂದು ಪ್ರತಿಯೊಂದಕ್ಕೆ ಒಂದು ಶಿಲ್ಲಿಂಗ್ ಬೆಲೆಯಿಟ್ಟ. ಕೂಲಿಯವನಿಗೆ ಅದೂ ಸಣ್ಣ ಮೊತ್ತವಲ್ಲ. ಆದರೆ ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿದ ಚಿತ್ರವನ್ನು ನೋಡಲು ಕಾಸೂ ಬೇಡ, ಅಕ್ಷರಜ್ಞಾನವೂ ಬೇಡ.

ಅದೇ ವರ್ಷ ಸಂಸತ್ತು ಹೊಸ ಕಾಯ್ದೆ ತಂದಿತು. ಭಟ್ಟಿಯವರು ನೇರವಾಗಿ ಚಿಲ್ಲರೆ ಮಾರುವುದನ್ನು ನಿಷೇಧಿಸಿ ತೆರಿಗೆಯನ್ನು ಏರಿಸಿತು. ಜಿನ್ ಬಳಕೆ ಇಳಿಯಿತು. ಆದರೆ ಇದರ ಶ್ರೇಯಸ್ಸೆಲ್ಲ ಚಿತ್ರಕ್ಕೆ ಸಲ್ಲದು. ಮುಂದೆ ಬೆಳೆ ಕೈಕೊಟ್ಟು ಧಾನ್ಯದ ಬೆಲೆ ಏರಿತು. 1757ರಲ್ಲಿ ಧಾನ್ಯದಿಂದ ಮದ್ಯ ತಯಾರಿಕೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಲಾಯಿತು.

ಇನ್ನೊಂದು ಸಂಗತಿಯೂ ಗಮನಾರ್ಹ. ಗಿರವಿಯವನು, ಭಟ್ಟಿಯವನು, ಶವಪೆಟ್ಟಿಗೆಯವನು, ಈ ಮೂವರ ಏಳಿಗೆಯನ್ನು ಹೊಗಾರ್ತ್ ಬರೆದ. ಧಾನ್ಯ ಮಾರಿದ ಜಮೀನ್ದಾರನಾಗಲಿ ತೆರಿಗೆ ಎಣಿಸಿದ ಬೊಕ್ಕಸವಾಗಲಿ ಚಿತ್ರದಲ್ಲಿಲ್ಲ. ನೋಡುವವರ ಕಣ್ಣಿಗೆ ಮೊದಲು ಬೀಳುವುದು ಬಡ ತಾಯಿಯ ತಪ್ಪು. ಸಮಾಜದ ಗಾಯವನ್ನು ತೋರುವ ಚಿತ್ರದಲ್ಲಿ ಯಾರಿದ್ದಾರೆ ಎಂಬುದರಷ್ಟೇ ಯಾರಿಲ್ಲ ಎಂಬುದನ್ನೂ ನೋಡಬೇಕು.