ಬೀದರ್, ಭಾಲ್ಕಿ, ಔರಾದ್: ಬೆಲೆ ಏರಿದರೂ ದೂರು, ಇಳಿದರೂ ದೂರು

ಬೀದರ್: 2025ರ ಅಕ್ಟೋಬರ್ ತಿಂಗಳಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತು. 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ಸೂಚ್ಯಂಕದ ಸರಣಿಯಲ್ಲಿ ಅದುವರೆಗೆ ದಾಖಲಾದ ಅತಿ ಕಡಿಮೆ ಪ್ರಮಾಣ ಅದು. ಬೇಳೆಕಾಳುಗಳ ಬೆಲೆ ಹಿಂದಿನ ವರ್ಷಕ್ಕಿಂತ ಶೇ 16ರಷ್ಟು ಕುಸಿದದ್ದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಬೆಂಗಳೂರು, ಮೈಸೂರುಗಳ ಅಡುಗೆಮನೆಗೆ ಇದು ಶುಭ ಸುದ್ದಿ. ಆದರೆ ರಾಜ್ಯದ ಉತ್ತರ ತುದಿಯಲ್ಲಿರುವ ಬೀದರ್ ಜಿಲ್ಲೆ ಕೊಳ್ಳುವುದಕ್ಕಿಂತ ಹೆಚ್ಚಾಗಿ ಮಾರುವುದೇ ಬೇಳೆಕಾಳನ್ನು. ಅದೇ ಮುಂಗಾರಿನಲ್ಲಿ ಅತಿವೃಷ್ಟಿಯಿಂದ ಬೀದರ್, ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಬೆಳೆ ನೀರು ಪಾಲಾಗಿತ್ತು. ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವೈಮಾನಿಕ ಸಮೀಕ್ಷೆ ನಡೆಸಿ, ನಿಗದಿತ ಪರಿಹಾರದ ಜೊತೆಗೆ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿಯಾಗಿ ಪ್ರಕಟಿಸಿದರು. ಖುಷ್ಕಿ ಜಮೀನಿಗೆ ಒಟ್ಟು 17,000 ರೂಪಾಯಿ ಎಂದಾಯಿತು.

ಬೆಳೆಯೂ ಇಲ್ಲ, ಉಳಿದ ಬೆಳೆಗೆ ಬೆಲೆಯೂ ಇಲ್ಲ. ಅಂಕಿ ಅಂಶಗಳ ಪ್ರಕಾರ ಮಾತ್ರ ಜೀವನ ಅಗ್ಗವಾಗಿತ್ತು.

ಬೀದರ್ ಜಿಲ್ಲೆಯಲ್ಲಿ ಬೆಲೆ ಏರಿಕೆ ಕುರಿತ ಜನಾಭಿಪ್ರಾಯವನ್ನು ಅರಿಯಲು ಹೊರಡುವವರು ಮೊದಲು ಗಮನಿಸಬೇಕಾದ ಸಂಗತಿ ಇದು. ತೊಗರಿ, ಉದ್ದು, ಹೆಸರು, ಸೋಯಾ, ಕಡಲೆ, ಕಬ್ಬುಗಳನ್ನು ನೆಚ್ಚಿದ ಇಲ್ಲಿ ಒಂದೇ ಮನೆ ಸುಗ್ಗಿಯಲ್ಲಿ ಮಾರಾಟಗಾರ, ಬೇಸಿಗೆಯಲ್ಲಿ ಗ್ರಾಹಕ. ಆದ್ದರಿಂದ ‘ತುಟ್ಟಿ’ ಎಂಬ ದೂರಿಗೆ ಇಲ್ಲಿ ಒಂದೇ ಅರ್ಥವಿಲ್ಲ. ಬೆಲೆ ಎಷ್ಟಿದೆ ಎಂಬುದಕ್ಕಿಂತಲೂ, ಮಾರುವ ದಿನದ ಬೆಲೆಗೂ ಕೊಳ್ಳುವ ದಿನದ ಬೆಲೆಗೂ ನಡುವೆ ಇರುವ ಅಂತರವೇ ಜನರ ಅಸಮಾಧಾನದ ಮೂಲ.

ಅಗ್ಗದ ಸೋಯಾ, ತುಟ್ಟಿ ಎಣ್ಣೆ

ಈ ಅಂತರಕ್ಕೆ ಸೋಯಾ ಅವರೆಗಿಂತ ಒಳ್ಳೆಯ ಉದಾಹರಣೆ ಮತ್ತೊಂದಿಲ್ಲ. ರಾಜ್ಯದಲ್ಲಿ ಸೋಯಾ ಬೆಳೆಯುವ ಜಿಲ್ಲೆಗಳ ಪೈಕಿ ಬೀದರ್ ಮುಂಚೂಣಿಯಲ್ಲಿದೆ. ಭಾಲ್ಕಿ ಹಾಗೂ ಔರಾದ್ ತಾಲ್ಲೂಕುಗಳ ಬೆಳೆಗಾರರಿಗೆ ಮಹಾರಾಷ್ಟ್ರದ ಉದಗೀರ ಮತ್ತು ಲಾತೂರ ಮಾರುಕಟ್ಟೆಗಳು ಹತ್ತಿರ. 2021ರ ಆಗಸ್ಟ್‌ನಲ್ಲಿ ಲಾತೂರ ಮಾರುಕಟ್ಟೆಯಲ್ಲಿ ಸೋಯಾ ಕ್ವಿಂಟಲ್‌ಗೆ 10,000 ರೂಪಾಯಿ ದಾಟಿತ್ತು. ಆಗ ರೈತರ ಬಳಿ ಮಾಲು ಇರಲಿಲ್ಲ; ಹೊಸ ಬೆಳೆ ಬರುವ ಹೊತ್ತಿಗೆ ಬೆಲೆ ಇಳಿದಿತ್ತು. 2024–25ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಬೆಂಬಲ ಬೆಲೆ 4,892 ರೂಪಾಯಿ. ಮುಕ್ತ ಮಾರುಕಟ್ಟೆಯ ದರ ಅದಕ್ಕಿಂತ ಕೆಳಗೇ ಉಳಿಯಿತು. 2025–26ಕ್ಕೆ ಬೆಂಬಲ ಬೆಲೆಯನ್ನು 5,328 ರೂಪಾಯಿಗೆ ಏರಿಸಲಾಯಿತು.

ಅದೇ 2024ರ ಸೆಪ್ಟೆಂಬರ್ 14ರಿಂದ ಖಾದ್ಯ ತೈಲದ ಆಮದು ಸುಂಕವನ್ನು ಕೇಂದ್ರ ಹೆಚ್ಚಿಸಿತು. ಕಚ್ಚಾ ತೈಲದ ಮೇಲಿನ ಒಟ್ಟು ಸುಂಕ ಶೇ 5.5ರಿಂದ ಶೇ 27.5ಕ್ಕೆ, ಸಂಸ್ಕರಿಸಿದ ತೈಲದ ಮೇಲಿನದು ಶೇ 13.75ರಿಂದ ಶೇ 35.75ಕ್ಕೆ ಏರಿತು. ಎಣ್ಣೆಕಾಳು ಬೆಳೆಗಾರರ ಹಿತರಕ್ಷಣೆಯೇ ಇದರ ಉದ್ದೇಶವಾಗಿತ್ತು. ಆದದ್ದೇನು? ದಸರಾ, ದೀಪಾವಳಿಯ ಹೊತ್ತಿಗೆ ಅಂಗಡಿಯ ಎಣ್ಣೆ ತುಟ್ಟಿಯಾಯಿತು; ಅಡತಿ ಅಂಗಡಿಯ ಸೋಯಾ ಮಾತ್ರ ಅಗ್ಗವಾಗಿಯೇ ಇತ್ತು.

ಇದರ ಹಿಂದಿನ ಲೆಕ್ಕಾಚಾರ ನಗರದ ಓದುಗರಿಗೆ ವಿಚಿತ್ರವೆನಿಸಬಹುದು. ಸೋಯಾ ಕಾಳಿನಲ್ಲಿ ಎಣ್ಣೆಯ ಅಂಶ ಶೇ 18ರಷ್ಟು ಮಾತ್ರ. ಉಳಿದುದರ ಬಹುಪಾಲು ಹಿಂಡಿ. ಅದು ಕೋಳಿ ಹಾಗೂ ಜಾನುವಾರು ಆಹಾರಕ್ಕೆ ಹೋಗುತ್ತದೆ, ಸ್ವಲ್ಪ ರಫ್ತಾಗುತ್ತದೆ. ಹಿಂಡಿಗೆ ಬೇಡಿಕೆ ಕುಗ್ಗಿದರೆ ಕಾಳಿನ ಬೆಲೆಯೂ ಕುಗ್ಗುತ್ತದೆ. ಮೆಕ್ಕೆಜೋಳ ಮತ್ತು ಅಕ್ಕಿಯಿಂದ ಎಥೆನಾಲ್ ತಯಾರಿಸುವ ಘಟಕಗಳು ಹೆಚ್ಚಿದಂತೆ ಅವುಗಳಿಂದ ಹೊರಬರುವ ಅಗ್ಗದ ಪಶು ಆಹಾರವು ಸೋಯಾ ಹಿಂಡಿಯ ಜಾಗವನ್ನು ಆಕ್ರಮಿಸತೊಡಗಿತು. ಇತ್ತ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ದೇಶ ಆಮದು ಮಾಡಿಕೊಳ್ಳುವುದರಿಂದ ಅದರ ದರವನ್ನು ವಿದೇಶಿ ಮಾರುಕಟ್ಟೆ, ಆಮದು ಸುಂಕ, ರೂಪಾಯಿ ಮೌಲ್ಯಗಳು ನಿರ್ಧರಿಸುತ್ತವೆ. ಹೀಗಾಗಿ ಭಾಲ್ಕಿಯ ಬೆಳೆಗಾರ ಮಾರುವ ಸೋಯಾಕ್ಕೂ ಅವನ ಮನೆಯೊಡತಿ ಕೊಳ್ಳುವ ಸೋಯಾ ಎಣ್ಣೆಗೂ ಬೆಲೆಯ ಸಂಬಂಧವೇ ಕಡಿದುಹೋಗಿದೆ. 2025ರ ಮೇ 30ರಂದು ಕಚ್ಚಾ ತೈಲದ ಸುಂಕವನ್ನು ಶೇ 16.5ಕ್ಕೆ ಇಳಿಸಲಾಯಿತು. ಗ್ರಾಹಕ ಸಂತೋಷಪಟ್ಟ, ಬೆಳೆಗಾರ ಮುನಿಸಿಕೊಂಡ. ಬೀದರ್‌ನಲ್ಲಿ ಇವರಿಬ್ಬರೂ ಒಂದೇ ಮನೆಯಲ್ಲಿದ್ದಾರೆ.

ತೊಗರಿಯದೂ ಇದೇ ಕಥೆ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿ ದೇಶವಿಡೀ ಗದ್ದಲವಾಯಿತು. ಆ ಬೆಲೆ ನಂಬಿ ಮರುವರ್ಷ ರೈತರು ಹೆಚ್ಚು ಬಿತ್ತಿದರು. ಫಸಲು ಭರಪೂರ ಬಂತು, ಮಾರುಕಟ್ಟೆ ದರ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. 2023ರಲ್ಲಿ ಕ್ವಿಂಟಲ್ ತೊಗರಿ ಮತ್ತೆ 10,000 ರೂಪಾಯಿ ದಾಟಿತು. ಸುಂಕರಹಿತ ಆಮದನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಿದ ಬಳಿಕ, 2025ರಲ್ಲಿ ದರ ಮತ್ತೊಮ್ಮೆ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಂತು. ಬೆಲೆ ಏರಿದಾಗ ಆಮದಿನ ಬಾಗಿಲು ತೆರೆಯುವಷ್ಟು ಚುರುಕಾಗಿ, ಇಳಿದಾಗ ಖರೀದಿ ಕೇಂದ್ರಗಳ ಬಾಗಿಲು ತೆರೆಯುವುದಿಲ್ಲ ಎಂಬುದು ರೈತ ಸಂಘಟನೆಗಳ ಹಳೆಯ ಆರೋಪ. ಸಾಲ ತೀರಿಸುವ ಒತ್ತಡದಲ್ಲಿರುವ ಸಣ್ಣ ಹಿಡುವಳಿದಾರ ಕೇಂದ್ರ ತೆರೆಯುವವರೆಗೆ ಕಾಯಲಾರ ಎಂಬುದನ್ನು ನೆನೆದರೆ, ಆರೋಪದಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ.

ಜಿಲ್ಲೆಗೆ ಈ ವಿಷಯದಲ್ಲಿ ಕಹಿ ನೆನಪೂ ಇದೆ. 1997–98ರಲ್ಲಿ ತೊಗರಿ ಬೆಳೆ ಕೈಕೊಟ್ಟ ನಂತರ ಬೀದರ್‌ನಲ್ಲಿ ನಡೆದ ರೈತರ ಸರಣಿ ಆತ್ಮಹತ್ಯೆಗಳು ರಾಜ್ಯದ ಗಮನ ಸೆಳೆದ ಮೊದಲ ಪ್ರಕರಣಗಳಲ್ಲಿ ಸೇರಿವೆ. ಸಮಾಜ ವಿಜ್ಞಾನಿ ಎ.ಆರ್. ವಾಸವಿ 1999ರಲ್ಲಿ ಈ ಕುರಿತು ಅಧ್ಯಯನ ಪ್ರಬಂಧ ಪ್ರಕಟಿಸಿದ್ದರು.

ನಗರದ ಲೆಕ್ಕವೇ ಬೇರೆ

ಬೀದರ್ ನಗರದ ಗಾಂಧಿ ಗಂಜ್‌ಗೆ ಮಾಲು ತರುವವರು ಹಳ್ಳಿಯವರಾದರೆ, ಉಸ್ಮಾನ್ ಗಂಜ್‌ನಲ್ಲಿ ಕಿರಾಣಿ ಕೊಳ್ಳುವವರಲ್ಲಿ ನೌಕರರು, ನಿವೃತ್ತರು, ಗುತ್ತಿಗೆ ಸಿಬ್ಬಂದಿ, ಸಣ್ಣ ವ್ಯಾಪಾರಿಗಳು ಹೆಚ್ಚು. ಇವರಿಗೆ ಬೆಳೆಯ ದರ ಇಳಿದರೆ ಲಾಭವೇ. ಆದರೆ ಇವರ ದೂರು ಕಾಳಿಗಿಂತ ಹೆಚ್ಚಾಗಿ ಸರ್ಕಾರ ನಿಗದಿ ಮಾಡುವ ದರಗಳ ಮೇಲೆ. 2025ರ ಜನವರಿ 5ರಿಂದ ಸಾರಿಗೆ ನಿಗಮಗಳ ಬಸ್ ದರ ಶೇ 15ರಷ್ಟು ಏರಿತು. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ದುಬಾರಿಯಾಯಿತು. ಅದೇ ದಿನದಿಂದ ವಿದ್ಯುತ್ ಬಿಲ್ಲಿಗೆ ಯೂನಿಟ್‌ಗೆ 36 ಪೈಸೆ ಪಿಂಚಣಿ ಮತ್ತು ಗ್ರಾಚ್ಯುಟಿ ಹೊರೆ ಸೇರಿತು. ಅದೇ ತಿಂಗಳು ಅಡುಗೆ ಅನಿಲ ಸಿಲಿಂಡರಿಗೆ 50 ರೂಪಾಯಿ ಏರಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಕಡಿತದಿಂದ ಸೋಪು, ಶ್ಯಾಂಪು, ಟೂತ್‌ಪೇಸ್ಟ್‌ಗಳ ಮೇಲಿನ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿದದ್ದು ನಿಜ. ಆದರೆ ಮನೆ ಬಾಡಿಗೆ, ಖಾಸಗಿ ಶಾಲೆಯ ಶುಲ್ಕಗಳಿಗೆ ಆ ಕಡಿತ ತಾಗುವುದಿಲ್ಲ.

ನಗರದ ಬಿದ್ರಿ ಕುಶಲಕರ್ಮಿಗಳ ಸಂಕಟ ಇನ್ನೂ ಬೇರೆ. ಸತು–ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯ ಎಳೆ ಕೂರಿಸುವ ಈ ಕಲೆಗೆ 2006ರಲ್ಲಿ ಭೌಗೋಳಿಕ ಮಾನ್ಯತೆ ದೊರೆತಿದೆ. ಆದರೆ 2025ರಲ್ಲಿ ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿ ದಾಟಿ ಮೇಲೇರುತ್ತಲೇ ಹೋದಾಗ ಕಚ್ಚಾ ಸಾಮಗ್ರಿಯ ಖರ್ಚು ಎಲ್ಲಿಂದ ಎಲ್ಲಿಗೋ ಹೋಯಿತು. ಹೂದಾನಿ ಕೊಳ್ಳುವವನು ಬೆಳ್ಳಿ ದರ ನೋಡಿ ಕೊಳ್ಳುವುದಿಲ್ಲವಲ್ಲ.

ಔರಾದ್: ಮೂರು ರಾಜ್ಯಗಳ ತಕ್ಕಡಿ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿ ಔರಾದ್ ಇತ್ತು. ಪಟ್ಟಣಕ್ಕೆ ರೈಲಿಲ್ಲ, ಬೀದರ್–ನಾಂದೇಡ್ ಮಾರ್ಗದ ಬೇಡಿಕೆ ಬಹುಕಾಲದಿಂದ ಕೇಳಿಬರುತ್ತಿದೆ. ಸ್ಥಳೀಯವಾಗಿ ಕೆಲಸ ಸಿಗದ ಕುಟುಂಬಗಳು ಹೈದರಾಬಾದ್, ಪುಣೆ, ಮುಂಬೈಗಳತ್ತ ವಲಸೆ ಹೋಗುವುದು ಇಲ್ಲಿ ಹೊಸದಲ್ಲ. ಉದ್ಯೋಗ ಖಾತ್ರಿಯ ದಿನಗೂಲಿ ರಾಜ್ಯದಲ್ಲಿ 2023–24ರಲ್ಲಿ 316 ರೂಪಾಯಿ ಇದ್ದದ್ದು 2025–26ಕ್ಕೆ 370 ರೂಪಾಯಿ ಆಯಿತು. ಕೂಲಿ ಏರಿದ್ದೇನೋ ಹೌದು, ಕೂಲಿ ಸಿಗುವ ದಿನಗಳೆಷ್ಟು ಎಂಬುದೇ ಪ್ರಶ್ನೆ.

ಜೋಳದ ರೊಟ್ಟಿ ಇಲ್ಲಿನ ನಿತ್ಯದ ಊಟ. ಆದರೆ ಹೊಲಗಳಲ್ಲಿ ಸೋಯಾ, ತೊಗರಿ ಹಬ್ಬಿದಂತೆ ಜೋಳದ ಕ್ಷೇತ್ರ ಕುಗ್ಗಿತು. ಹಿಂದೆ ಹಗೇವಿನಿಂದ ತೆಗೆದು ಬೀಸುತ್ತಿದ್ದ ಜೋಳವನ್ನು ಈಗ ಅನೇಕ ಮನೆಗಳು ಸಂತೆಯಲ್ಲಿ ಕೊಳ್ಳುತ್ತವೆ. ಪಡಿತರದಲ್ಲಿ ಸಿಗುವುದು ಮುಖ್ಯವಾಗಿ ಅಕ್ಕಿ.

ಔರಾದ್ ತಾಲ್ಲೂಕಿಗೆ ಒಂದು ಬದಿ ಮಹಾರಾಷ್ಟ್ರ, ಮತ್ತೊಂದು ಬದಿ ತೆಲಂಗಾಣ. ಆದ್ದರಿಂದ ಇಲ್ಲಿನ ಜನ ಬೆಲೆಯನ್ನು ಕಳೆದ ವರ್ಷಕ್ಕೆ ಹೋಲಿಸುವಷ್ಟೇ ನೆರೆಯ ಊರಿಗೂ ಹೋಲಿಸುತ್ತಾರೆ. ಡೀಸೆಲ್ ವಿಷಯದಲ್ಲಿ ಕರ್ನಾಟಕಕ್ಕೆ ಅನುಕೂಲವಿತ್ತು. ಬೆಂಗಳೂರಿನಲ್ಲಿ ಲೀಟರ್ ಡೀಸೆಲ್ 86 ರೂಪಾಯಿಯ ಆಸುಪಾಸಿನಲ್ಲಿದ್ದಾಗ ಹೈದರಾಬಾದ್‌ನಲ್ಲಿ 95 ರೂಪಾಯಿ ಮೀರಿತ್ತು. ಗಡಿಯ ಬಂಕ್‌ಗಳಿಗೆ ಹೊರರಾಜ್ಯದ ಲಾರಿಗಳೂ ಗಿರಾಕಿಗಳಾಗಿದ್ದವು. 2024ರ ಜೂನ್ 15ರಂದು ಮತ್ತು 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮಾರಾಟ ತೆರಿಗೆ ಏರಿಸಿದ ಮೇಲೆ ಆ ಅಂತರ ಅರ್ಧದಷ್ಟಾಯಿತು. ಟ್ರ್ಯಾಕ್ಟರ್ ಬಾಡಿಗೆಯ ಮೇಲೆ ಅದರ ಪರಿಣಾಮ ನೇರ.

ಕಲ್ಯಾಣ ಯೋಜನೆಗಳ ಹೋಲಿಕೆಯೂ ಹೀಗೆಯೇ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ, ಆಗಸ್ಟ್ 30ರಂದು ಗೃಹಲಕ್ಷ್ಮಿಯ ಮಾಸಿಕ 2,000 ರೂಪಾಯಿ ಆರಂಭವಾದವು. ತೆಲಂಗಾಣ ಅದೇ ಡಿಸೆಂಬರ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್, 2024ರ ಫೆಬ್ರುವರಿಯಲ್ಲಿ 500 ರೂಪಾಯಿಗೆ ಸಿಲಿಂಡರ್ ನೀಡತೊಡಗಿತು. ಮಹಾರಾಷ್ಟ್ರ 2023ರ ಮಾರ್ಚ್‌ನಲ್ಲಿ ಮಹಿಳೆಯರಿಗೆ ಅರ್ಧ ಟಿಕೆಟ್, 2024ರಲ್ಲಿ ಮಾಸಿಕ 1,500 ರೂಪಾಯಿ ಪ್ರಕಟಿಸಿತು. ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದ ಗಡಿಯೊಳಗೆ ಮಾತ್ರ. ಬೀದರ್ ಆಸ್ಪತ್ರೆಗೆ ಹೋಗುವ ಔರಾದ್ ಮಹಿಳೆಗೆ ಟಿಕೆಟ್ ಇಲ್ಲ. ದೇಗಲೂರಿನ ತವರಿಗೆ ಹೋಗುವಾಗ ಇದೆ. ಅವಳ ಜೊತೆಗಿರುವ ಗಂಡನಿಗಂತೂ ಎರಡೂ ಕಡೆ ಶೇ 15ರ ಏರಿಕೆ ಅನ್ವಯ.

ಗೃಹಲಕ್ಷ್ಮಿಯ ಹಣ ಅನೇಕ ಮನೆಗಳಲ್ಲಿ ಕಿರಾಣಿ ಉದ್ರಿಯನ್ನು ತೀರಿಸಲು ಒದಗುತ್ತದೆ. ಕಂತು ತಡವಾದ ತಿಂಗಳು ಕೈಸಾಲದ ಮೊರೆ ಹೋಗಬೇಕು. ಸ್ವಸಹಾಯ ಸಂಘಗಳ ಸಾಲದಲ್ಲಿ ಬೀದರ್ ಡಿಸಿಸಿ ಬ್ಯಾಂಕ್ ಒಂದು ಕಾಲಕ್ಕೆ ದೇಶಕ್ಕೇ ಮಾದರಿಯೆನಿಸಿತ್ತು. ನಂತರದ ವರ್ಷಗಳಲ್ಲಿ ಮೈಕ್ರೋ ಫೈನಾನ್ಸ್ ಕಂಪನಿಗಳ ವಾರದ ಕಂತು ಹಳ್ಳಿಗಳನ್ನು ಹೊಕ್ಕಿತು. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಸಮೀಕ್ಷೆಗಳಿಗೆ ಸಿಗದ ಊರುಗಳು

ರಿಸರ್ವ್ ಬ್ಯಾಂಕ್ ನಿಯತವಾಗಿ ನಡೆಸುವ ಕುಟುಂಬಗಳ ಹಣದುಬ್ಬರ ನಿರೀಕ್ಷೆಯ ಸಮೀಕ್ಷೆ 19 ದೊಡ್ಡ ನಗರಗಳದ್ದು. ರಾಜ್ಯದಿಂದ ಅದರಲ್ಲಿರುವುದು ಬೆಂಗಳೂರು. ಅಧಿಕೃತ ದರ ಶೇ 1ಕ್ಕಿಂತ ಕೆಳಗಿದ್ದ 2025ರ ಕೊನೆಯ ತಿಂಗಳುಗಳಲ್ಲೂ ಜನರ ಅಂದಾಜು ಶೇ 6ಕ್ಕಿಂತ ಮೇಲಿತ್ತು. ಈ ಅಂತರ ಜನರ ಅಜ್ಞಾನವೇನಲ್ಲ. ಬೆಲೆ ಏರುವ ವೇಗ ಕಡಿಮೆಯಾದರೆ ಹಣದುಬ್ಬರ ಇಳಿಯುತ್ತದೆ. ಈಗಾಗಲೇ ಏರಿದ ಬೆಲೆ ಅಲ್ಲಿಯೇ ಉಳಿಯುತ್ತದೆ. ಇನ್ನು 2012ರ ಸರಣಿಯ ಸೂಚ್ಯಂಕದಲ್ಲಿ ಆಹಾರಕ್ಕೆ ಗ್ರಾಮೀಣ ಭಾಗದಲ್ಲಿ ಶೇ 54.18, ನಗರದಲ್ಲಿ ಶೇ 36.29 ತೂಕ. ಔರಾದ್‌ನ ಹಳ್ಳಿಗೂ ಬೆಂಗಳೂರಿಗೂ ಒಂದೇ ಸರಾಸರಿಯನ್ನು ಹೊಂದಿಸಿದರೆ ಎರಡಕ್ಕೂ ಹೊಂದುವುದಿಲ್ಲ.

ಚುನಾವಣಾ ಸಮೀಕ್ಷೆಗಳಲ್ಲಿ ನಿರುದ್ಯೋಗ ಮತ್ತು ಬೆಲೆ ಏರಿಕೆ ಅಕ್ಕಪಕ್ಕದಲ್ಲೇ ಇರುತ್ತವೆ. 2024ರ ಲೋಕಸಭಾ ಚುನಾವಣೆಗೆ ಮುನ್ನ ಸಿಎಸ್‌ಡಿಎಸ್–ಲೋಕನೀತಿ ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ ಶೇ 27ರಷ್ಟು ಮತದಾರರು ನಿರುದ್ಯೋಗವನ್ನು, ಶೇ 23ರಷ್ಟು ಮಂದಿ ಬೆಲೆ ಏರಿಕೆಯನ್ನು ಮುಖ್ಯ ವಿಷಯವೆಂದಿದ್ದರು. ಬೀದರ್ ಜಿಲ್ಲೆಯ ಮತದಾರರು 2023ರ ವಿಧಾನಸಭಾ ಚುನಾವಣೆಯಲ್ಲಿ ಆರರಲ್ಲಿ ನಾಲ್ಕು ಸ್ಥಾನಗಳನ್ನು ಬಿಜೆಪಿಗೆ ಕೊಟ್ಟರು, ಔರಾದ್ ಅವುಗಳಲ್ಲೊಂದು. ಬೀದರ್ ಹಾಗೂ ಭಾಲ್ಕಿ ಕಾಂಗ್ರೆಸ್ ಪಾಲಾದವು. ಮರುವರ್ಷ ಲೋಕಸಭೆಗೆ ಕೇಂದ್ರ ಸಚಿವರಾಗಿದ್ದ ಭಗವಂತ ಖೂಬಾ ಅವರನ್ನು ಸೋಲಿಸಿ ಕಾಂಗ್ರೆಸ್ಸಿನ ಸಾಗರ್ ಖಂಡ್ರೆ ಆಯ್ಕೆಯಾದರು. ಜಾತಿ, ಅಭ್ಯರ್ಥಿ, ಗ್ಯಾರಂಟಿ ಎಲ್ಲವೂ ಬೆರೆತ ಈ ತೀರ್ಪುಗಳಲ್ಲಿ ಎಣ್ಣೆಯ ಬೆಲೆಗೆ ಸಂದ ಮತಗಳೆಷ್ಟು, ಸೋಯಾ ಬೆಲೆಗೆ ಸಂದವೆಷ್ಟು ಎಂದು ಬೇರ್ಪಡಿಸುವುದು ಯಾವ ವಿಶ್ಲೇಷಕರಿಗೂ ಸಾಧ್ಯವಾಗುವಂತಿಲ್ಲ.

ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತೊಗರಿಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಒಳಗೊಂಡ ಇಂದಿರಾ ಕಿಟ್ ನೀಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು. ಕಿಟ್‌ನ ಪಟ್ಟಿಯಲ್ಲಿರುವ ಬೇಳೆ ಬೀದರ್, ಕಲಬುರಗಿಗಳ ಹೊಲದ ಬೆಳೆ. 2025–26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಕಿಟ್‌ಗೆ ಬೇಕಾದ ತೊಗರಿಯನ್ನು ಇಲ್ಲಿನ ರೈತರಿಂದ ಆ ದರಕ್ಕೆ ಕೊಂಡರೆ ಮಾರುವ ಮನೆಗೂ ಕೊಳ್ಳುವ ಮನೆಗೂ ಉಪಯೋಗ. ಟೆಂಡರ್‌ನಲ್ಲಿ ಆಮದು ಬೇಳೆ ಬಂದರೆ ಒಂದಕ್ಕೆ ಮಾತ್ರ.