‘ಪೋಲಾಕ್-ಕತೋಲಿಕ್’: ಒಂದು ಜೋಡುಪದದ ಚರಿತ್ರೆ

ಪೋಲಿಷ್ ಭಾಷೆಯಲ್ಲಿ ‘ಪೋಲಾಕ್-ಕತೋಲಿಕ್’ ಎಂಬ ಜೋಡುಪದವೊಂದುಂಟು. ಪೋಲೆಂಡಿನವನೆಂದರೆ ಕ್ಯಾಥೊಲಿಕನೇ ಎಂಬುದು ಅದರ ಧ್ವನಿ. ಪದವನ್ನು ಬಿಡಿಸಿ ನೋಡಿದರೆ ವಿಚಿತ್ರವೊಂದು ಗೋಚರಿಸುತ್ತದೆ. ‘ಪೋಲಾಕ್’ ಎಂಬುದರ ಮೂಲದಲ್ಲಿರುವುದು ‘ಪೋಲೆ’, ಅಂದರೆ ಹೊಲ, ಬಯಲು. ‘ಕತೋಲಿಕ್’ ಲ್ಯಾಟಿನ್ ಮೂಲಕ ಬಂದ ಗ್ರೀಕ್ ಪದ; ‘ಸಾರ್ವತ್ರಿಕ’ ಎಂದು ಅರ್ಥ. ಒಂದು ನೆಲದ ಹೆಸರು, ಇನ್ನೊಂದು ಎಲ್ಲೆಯಿಲ್ಲದ್ದರ ಹೆಸರು. ಇವನ್ನು ಬೆಸೆದದ್ದು ವ್ಯಾಕರಣವಲ್ಲ, ಚರಿತ್ರೆ.

1772, 1793 ಮತ್ತು 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಪೋಲೆಂಡನ್ನು ಹಂಚಿಕೊಂಡವು. 1918ರವರೆಗೆ ಆ ರಾಜ್ಯ ಭೂಪಟದಲ್ಲಿರಲಿಲ್ಲ. ಆಸ್ಟ್ರಿಯಾದ ದೊರೆ ಕ್ಯಾಥೊಲಿಕನೇ. ಆದರೆ ಪ್ರಷ್ಯಾದ ದೊರೆ ಪ್ರಾಟೆಸ್ಟಂಟ್, ರಷ್ಯಾದವನು ಆರ್ಥೊಡಾಕ್ಸ್. ಅಲ್ಲಿ ಆಳುವವರಿಗೂ ಆಳಿಸಿಕೊಳ್ಳುವವರಿಗೂ ಭಾಷೆಯಷ್ಟೇ ಅಲ್ಲ, ಮತವೂ ಬೇರೆಯಾಯಿತು.

1901ರಲ್ಲಿ ಪ್ರಷ್ಯಾದ ಆಡಳಿತದಲ್ಲಿದ್ದ ವ್ಝೆಶ್ನ್ಯಾ ಎಂಬ ಊರಿನ ಶಾಲೆಯಲ್ಲಿ ಧರ್ಮಪಾಠವನ್ನೂ ಜರ್ಮನ್ ಭಾಷೆಯಲ್ಲೇ ಕಲಿಯಬೇಕೆಂದು ಕಟ್ಟಪ್ಪಣೆಯಾಯಿತು. ಮಕ್ಕಳು ಬಾಯಿ ಬಿಡಲಿಲ್ಲ, ಬೆತ್ತದೇಟು ತಿಂದರು. ಪ್ರತಿಭಟಿಸಿದ ತಂದೆತಾಯಿಗಳು ಸೆರೆಮನೆ ಸೇರಿದರು. ಐದು ವರ್ಷಗಳ ತರುವಾಯ ಅಂಥ ಮುಷ್ಕರ ಆ ಸೀಮೆಯ ನೂರಾರು ಶಾಲೆಗಳಿಗೆ ಹಬ್ಬಿತು. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿದ ನಮಗೆ ಇದನ್ನು ಓದಿದಾಗಲೆಲ್ಲ ಆ ಉಪಾಧ್ಯಾಯನ ಕೈಯ ಬೆತ್ತವೇ ಕಣ್ಣಿಗೆ ಕಟ್ಟುತ್ತದೆ. ಆ ಮಕ್ಕಳಿಗೆ ಪ್ರಾರ್ಥನೆ ಬೇರೆ, ತಾಯ್ನುಡಿ ಬೇರೆ ಎಂದು ಹೇಳಬಲ್ಲವರು ಯಾರು?

ಹೀಗೆ ಆಸರೆಯಾಗಿ ಬೆಳೆದ ಭಾವನೆ ಸ್ವಾತಂತ್ರ್ಯ ಬಂದ ಮೇಲೆ ಬೇಲಿಯಾಯಿತು. 1927ರಲ್ಲಿ ರಾಷ್ಟ್ರವಾದಿ ನಾಯಕ ರೋಮನ್ ದ್ಮೋವ್ಸ್ಕಿ ಕಿರುಹೊತ್ತಗೆಯೊಂದನ್ನು ಬರೆದು, ಕ್ಯಾಥೊಲಿಕ್ ಮತವು ಪೋಲಿಷ್‌ತನದ ಸಾರದಲ್ಲೇ ಇದೆಯೆಂದು ವಾದಿಸಿದರು. 1931ರ ಜನಗಣತಿಯಂತೆ ಆ ದೇಶದ ಪ್ರಜೆಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವರು ರೋಮನ್ ಕ್ಯಾಥೊಲಿಕರಾಗಿರಲಿಲ್ಲ, ಯೆಹೂದ್ಯರೇ ಹತ್ತರಲ್ಲೊಬ್ಬರಿದ್ದರು.

ಭಾಷೆಯ ಸಾಕ್ಷಿಯೂ ದ್ಮೋವ್ಸ್ಕಿಯವರ ಪರವಾಗಿಲ್ಲ. ಪೋಲಿಷ್ ಸಾಹಿತ್ಯದ ಪಿತಾಮಹನೆನಿಸಿದ ಮಿಕೊವಾಯ್ ರೇಯ್ ಕ್ಯಾಲ್ವಿನ್ ಪಂಥದವನು. ರಾಜ್ಯವೇ ಅಳಿದುಹೋಗಿದ್ದಾಗ, 1807ರಿಂದ 1814ರವರೆಗೆ, ಆರು ಸಂಪುಟಗಳ ಪೋಲಿಷ್ ನಿಘಂಟನ್ನು ಹೊರತಂದ ಸಾಮುಯೆಲ್ ಲಿಂಡೆ ಲೂಥರನ್. ನುಡಿಯನ್ನು ಕಾಪಿಟ್ಟವರನ್ನೇ ನಾಡಿನ ಹೊರಗಿಡುವ ಪದವನ್ನು ನಾವು ಹೇಗೆ ಒಪ್ಪುವುದು?

ಯೂಲಿಯುಷ್ ಬುರ್ಶೆ ಎಂಬ ಲೂಥರನ್ ಬಿಷಪ್ ಜರ್ಮನ್ ಮೂಲದ ಮನೆತನದವರು. ತಾವು ಪೋಲ್ ಎಂದೇ ಹೇಳಿಕೊಂಡು ಬಾಳಿದರು. 1939ರಲ್ಲಿ ನಾಜಿಗಳು ಅವರನ್ನು ಬಂಧಿಸಿದರು. 1942ರಲ್ಲಿ ಅವರು ಸೆರೆಯಲ್ಲೇ ತೀರಿಕೊಂಡರು.